ಇದ್ರೀಸ್ ಡಾಕ್ಟರು ಇಲ್ಲಿಲ್ಲ ಎಂದು ನಾನು ಹೇಳಿದ ವರ್ಷ

ಶುಂಠಿ ಕುಟ್ಟಿ ಹಾಕಿದ ಕಾಫಿಯನ್ನು ಈ ಮನೆಯಲ್ಲಿ ಮಾಡಬಾರದು ಎಂದು ಹೋದ ವಾರ ಸೊಸೆಗೆ ಜೋರು ಮಾಡಿದೆ. ಅವಳಿಗೆ ಶೀತವಾಗಿತ್ತು, ಪಾಪ, ತನಗೆಂದು ಒಂದು ಲೋಟ ಕುದಿಸಿಕೊಂಡಿದ್ದಳು. "ಎಂತ ಮಾವ, ಕಾಫಿಯ ಮೇಲೂ ಸಿಟ್ಟಾ?" ಎಂದಳು. ಜಗಲಿಗೆ ಬಂದು ಕೂತೆ. ಸಿಟ್ಟು ಕಾಫಿಯ ಮೇಲಲ್ಲ. ಆ ವಾಸನೆ ಮೂಗಿಗೆ ಬಂದ ಕೂಡಲೇ ನನಗೆ ಖಮೀಸ್ ಮುಶೈತ್‌ನ ಒಂದು ಕ್ಲಿನಿಕ್ಕಿನ ಫೈಲು ಕೋಣೆ ಕಾಣುತ್ತದೆ, ಅಲ್ಲಿ ಫ್ಲಾಸ್ಕ್ ಹಿಡಿದು ನಿಂತ ಒಬ್ಬ ಮನುಷ್ಯ ಕಾಣುತ್ತಾರೆ. ಅವರಿಗೆ ನಾನು ಮಾಡಿದ್ದನ್ನು ಹೆಂಡತಿಗೂ ಪೂರ್ತಿ ಹೇಳಿಲ್ಲ. ನಾನು ಎಸ್ಸೆಸ್ಸೆಲ್ಸಿ ಓದಿದವನು, ಚಂದ ಮಾಡಿ ಬರೆಯಲು ಬರುವುದಿಲ್ಲ. ಚಂದ ಮಾಡುವಂಥ ವಿಷಯವೂ ಇದಲ್ಲ.

ಖಮೀಸ್ ಸೌದಿಯ ದಕ್ಷಿಣದಲ್ಲಿ ಬೆಟ್ಟದ ಮೇಲಿರುವ ಊರು. ಸೌದಿ ಎಂದರೆ ಬರೀ ಮರಳು ಎಂದುಕೊಂಡು ಬಂದವರು ಅಲ್ಲಿ ಮೊದಲ ವಾರವೇ ಸ್ವೆಟರ್ ಅಂಗಡಿ ಹುಡುಕುತ್ತಾರೆ. ಅಲ್ಲಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನಾನು ಇಪ್ಪತ್ತಾರು ವರ್ಷ ರಿಸೆಪ್ಶನ್ ಕಿಟಕಿಯ ಹಿಂದೆ ಕೂತಿದ್ದೆ. ರೋಗಿಯ ಇಕಾಮಾ, ಅಂದರೆ ಅಲ್ಲಿನ ವಾಸದ ಪರವಾನಗಿ ಕಾರ್ಡು, ನೋಡುವುದು, ಫೈಲು ತೆಗೆಯುವುದು, ಫೈಲಿನ ಮೇಲೆ ಡಾಕ್ಟರ ಕೋಣೆಯ ನಂಬರು ಬರೆದು ಒಳಗೆ ಕಳಿಸುವುದು, ಇಷ್ಟೇ ಕೆಲಸ. ಆದರೆ ಕಿಟಕಿಯ ಹೊರಗೆ ನಾನು ದೊಡ್ಡ ಮನುಷ್ಯ. ಮಂಗಳೂರು, ಉಡುಪಿ ಕಡೆಯವರು ಯಾರು ಏನು ಕಾರ್ಯಕ್ರಮ ಮಾಡಿದರೂ ಜಾಗ ಗೊತ್ತು ಮಾಡುವುದು, ಊಟ ಹೇಳುವುದು, ಜನರನ್ನು ಕೂಡಿಸುವುದು ನಾನೇ. "ಖಮೀಸ್‌ನಲ್ಲಿ ಯಾರು ಬೇಕಿದ್ದರೂ ಹಸನಬ್ಬನಿಗೆ ಫೋನ್ ಮಾಡಿ" ಎಂಬ ಮಾತಿತ್ತು. ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಓದಿ ಸೌದಿಗೆ ಬಂದ ಡಾಕ್ಟರುಗಳು ವರ್ಷಕ್ಕೊಮ್ಮೆ ಸೇರುತ್ತಿದ್ದರು. ಅವರ ಪಟ್ಟಿಯೂ ನನ್ನ ಫೋನಿನಲ್ಲೇ ಇತ್ತು. ಪಕ್ಕದ ಊರು ಅಬಹಾದಲ್ಲಿದ್ದ ಮಕ್ಕಳ ಡಾಕ್ಟರು ಪ್ರಭಾಕರ ಅವರ ಮುಖಂಡ. ಕಾಲೇಜಿನ ಮೆಟ್ಟಿಲು ಹತ್ತದ ನನಗೆ ಅಷ್ಟು ಡಾಕ್ಟರುಗಳು ಸಲಾಂ ಹೇಳುವುದು ಎಂಥ ಅಮಲು ಎಂದು ಈಗ ಗೊತ್ತಾಗುತ್ತದೆ.

ನಮ್ಮ ಕ್ಲಿನಿಕ್ಕಿನಲ್ಲಿ ಜನರಲ್ ಡಾಕ್ಟರು ಇಬ್ಬರು. ಎರಡನೇ ಕೋಣೆಯಲ್ಲಿ ಒಬ್ಬ ಈಜಿಪ್ಟಿನವರು. ನಾಲ್ಕನೇ ಕೋಣೆಯಲ್ಲಿ ಸುಡಾನಿನ ಡಾಕ್ಟರ್ ಇದ್ರೀಸ್. ಕಪ್ಪು ಬಣ್ಣ, ಎತ್ತರದ ಆಳು, ನಗುವುದು ಕಡಿಮೆ. "ಆ ಕಪ್ಪು ಡಾಕ್ಟರು ಬೇಡ" ಎನ್ನುವ ರೋಗಿಗಳಿದ್ದರು. ನಮ್ಮ ಊರಿನವರೂ ಇದ್ದರು, ಅವರೇ ಹೆಚ್ಚು. ನಾನು ನಕ್ಕು ಎರಡು ಎಂದು ಬರೆಯುತ್ತಿದ್ದೆ. ಯಾರಾದರೂ ಪರವಾಗಿಲ್ಲ ಎಂದವರಿಗೂ ಎರಡು ಬರೆದೆ. ಸುಡಾನಿನವರು, ಸೊಮಾಲಿಗಳು ಬಂದರೆ ಮಾತ್ರ ನಾಲ್ಕು. ಇದನ್ನು ಮಾಡು ಎಂದು ನನಗೆ ಮುದೀರ್, ಅಂದರೆ ಮ್ಯಾನೇಜರು, ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ನಮಾಜಿನ ಹೊತ್ತಿಗೆ ಒಂದೇ ಸಾಲಿನಲ್ಲಿ ಇದ್ರೀಸ್ ಡಾಕ್ಟರ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದೆ. ಪ್ರವಾದಿಯವರ ಕಾಲದಲ್ಲಿ ಮೊದಲ ಬಾಂಗ್ ಕೊಟ್ಟವರು ಕಪ್ಪು ಬಣ್ಣದವರೇ ಎಂದು ನನಗೆ ಮದ್ರಸದಲ್ಲಿ ಕಲಿಸಿದ್ದರು. ಕಿಟಕಿಗೆ ಬಂದು ಕೂತರೆ ಕಲಿತದ್ದು ಎಲ್ಲಿ ಹೋಗುತ್ತಿತ್ತೋ. ಫೋನಿನಲ್ಲಿ ಊರಿನವರ ಹತ್ತಿರ ಕನ್ನಡದಲ್ಲಿ, ಕಪ್ಪು ಜನರನ್ನು ನಮ್ಮ ಕಡೆ ಹೀಯಾಳಿಸುವ ಮಾತು ಹಾಕಿ, "ನಮ್ಮ ಕಾಪಿರಿ ಡಾಕ್ಟರು ಇವತ್ತು ಬಾಯಿಗೆ ಬೀಗ ಹಾಕಿ ಬಂದಿದ್ದಾನೆ" ಎಂದು ತಮಾಷೆ ಮಾಡುತ್ತಿದ್ದೆ. ಆ ಡಾಕ್ಟರೆದುರಿಗೇ ಮಾಡುತ್ತಿದ್ದೆ.

ನಾನು ಹೇಳುತ್ತಿರುವುದು ಸುಡಾನಿನಲ್ಲಿ ಯುದ್ಧ ಶುರುವಾದ ವರ್ಷದ್ದು. ಆ ವಸಂತದಲ್ಲಿ ಖಮೀಸ್‌ನಲ್ಲಿ ಆಲಿಕಲ್ಲು ಬಿದ್ದು ರಸ್ತೆಯ ಮೇಲಿದ್ದ ಕಾರುಗಳ ಗಾಜು ಒಡೆದಿತ್ತು. ಮಳೆಗೆ ಹೆದರಿ ಒಳಗೆ ನುಗ್ಗಿದ ಜನರಿಂದ ಕ್ಲಿನಿಕ್ ತುಂಬಿತ್ತು. ಆ ಗಡಿಬಿಡಿಯಲ್ಲಿ ಫಾತಿಮಾ ಎಂಬ ಒಬ್ಬ ಮುದುಕಿಗೆ ನಾನು ಇನ್ನೊಬ್ಬಳು ಫಾತಿಮಾಳ ಫೈಲು ಕೊಟ್ಟು ನಾಲ್ಕಕ್ಕೆ ಕಳಿಸಿದೆ. ಐದು ನಿಮಿಷದಲ್ಲಿ ಇದ್ರೀಸ್ ಡಾಕ್ಟರು ಹೊರಗೆ ಬಂದರು. ಫೈಲನ್ನು ಕಿಟಕಿಯ ಮೇಲೆ ಬಡಿದರು. ಬಾಯಿ ತೆರೆದರೆ ಕನ್ನಡ.

"ಇದು ಯಾರ ಫೈಲು ಮಾರಾಯ? ಎರಡು ಫಾತಿಮಾ ಇದ್ದರೆ ಇಕಾಮಾ ನಂಬರ್ ನೋಡ್ಬೇಕು ಅಂತ ಗೊತ್ತಿಲ್ವಾ ನಿಂಗೆ? ಈ ಅಜ್ಜಿಗೆ ಪೆನಿಸಿಲಿನ್ ಆಗುದಿಲ್ಲ. ಈ ಫೈಲಿನಲ್ಲಿ ಅದು ಬರ್ದೇ ಇಲ್ಲ. ನಾನು ಬಾಯಿಬಿಟ್ಟು ಕೇಳದಿದ್ರೆ ಇವತ್ತು ಒಂದು ಮಯ್ಯತ್ ಆಗ್ತಿತ್ತು."

ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಕೇಳುವಂಥ ಕನ್ನಡ, ಈ ಬಾಯಿಂದ!

"ಕಾಪಿರಿ ಕಾಪಿರಿ ಅಂತ ಫೋನಿನಲ್ಲಿ ಕೊಚ್ಚುವ ಹೊತ್ತಿನಲ್ಲಿ ಸ್ವಲ್ಪ ಫೈಲು ನೋಡು" ಎಂದು ಒಳಗೆ ಹೋದರು.

ಬೆಂಚಿನಲ್ಲಿ ಕೂತಿದ್ದ ನಮ್ಮ ಕಡೆಯ ಇಬ್ಬರು ಹೊಟ್ಟೆ ಹಿಡಿದು ನಕ್ಕರು. "ಹಸನಬ್ಬಾಕ, ನಿಮ್ಮ ಬೀಗ ಯಾರ ಬಾಯಿಗೆ ಬಿತ್ತು?" ಎಂದು ಒಬ್ಬ ಕೇಳಿದ. ಇದ್ರೀಸ್ ಡಾಕ್ಟರು ನಮ್ಮ ಊರಿನಲ್ಲೇ ಡಾಕ್ಟರಿಕೆ ಕಲಿತವರು ಎಂದು ನನಗೆ ಅವತ್ತು ಗೊತ್ತಾಯಿತು. ಒಂದೂವರೆ ವರ್ಷದಿಂದ ನಾನು ಆಡಿದ್ದೆಲ್ಲ ಅವರಿಗೆ ಅರ್ಥವಾಗಿತ್ತು ಎಂಬುದೂ. ನಾಚಿಕೆಯಾಗಬೇಕಿತ್ತು. ಆದದ್ದು ದ್ವೇಷ. ಅರಬಿಯಲ್ಲಿ ಯಾರು ಎಷ್ಟು ಬೈದರೂ ನಾನು ತಲೆ ಬಗ್ಗಿಸಿ ನಿಂತವನು, ಅದು ಸಂಬಳದ ಜೊತೆಗೆ ಬರುವುದು ಎಂದುಕೊಂಡವನು. ನನ್ನ ಭಾಷೆಯಲ್ಲಿ, ನನ್ನವರ ಎದುರು, ನಾನು ಕೀಳೆಂದುಕೊಂಡವನು ಬೈದದ್ದನ್ನು ಮಾತ್ರ ನುಂಗಲಾಗಲಿಲ್ಲ. ತಪ್ಪು ನನ್ನದೇ ಎಂಬುದು ಆ ಬೆಂಕಿಗೆ ಇನ್ನಷ್ಟು ತುಪ್ಪ ಹೊಯ್ದಿತು.

ಎರಡು ವಾರ ಕಳೆಯುವಷ್ಟರಲ್ಲಿ ಖಾರ್ತೂಮಿನಲ್ಲಿ ಯುದ್ಧ ಶುರುವಾಯಿತು. ಡಾಕ್ಟರ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹೇಗೋ ಪೋರ್ಟ್ ಸುಡಾನಿಗೆ ಬಂದು ತಲುಪಿದರು ಎಂದು ಕ್ಲಿನಿಕ್ಕಿನಲ್ಲಿ ಮಾತಾಯಿತು. ಮನೆ ಸುಟ್ಟುಹೋಗಿತ್ತು. ಎಲ್ಲರೂ ನಾಲ್ಕನೇ ಕೋಣೆಗೆ ಹೋಗಿ ಎರಡು ಮಾತು ಆಡಿ ಬಂದರು. ನಾನು ಹೋಗಲಿಲ್ಲ.

ಬೇಸಿಗೆಯಲ್ಲಿ ಖಮೀಸ್‌ಗೆ ಮಧ್ಯಾಹ್ನ ಮೋಡ ಇಳಿಯುತ್ತದೆ. ಎದುರಿನ ಔಷಧಿ ಅಂಗಡಿಯ ಹಸಿರು ದೀಪವೂ ಕಾಣದಷ್ಟು. ಅಂಥ ಒಂದು ಮಧ್ಯಾಹ್ನ ನಾನು ಫೈಲು ಕೋಣೆಯಲ್ಲಿ ಒಬ್ಬನೇ ಇದ್ದಾಗ ಡಾಕ್ಟರು ಬಂದರು. ಕೈಯಲ್ಲಿ ಅವರ ಫ್ಲಾಸ್ಕ್. ಎರಡು ಸಣ್ಣ ಬಟ್ಟಲಿಗೆ ಕಾಫಿ ಬಗ್ಗಿಸಿ ಒಂದನ್ನು ನನ್ನ ಮುಂದಿಟ್ಟರು. ಶುಂಠಿಯ ಘಾಟು ಕೋಣೆ ತುಂಬಿತು.

"ಹಸನಬ್ಬ, ಅವತ್ತು ಜನರೆದುರು ಹೇಳಬಾರದಿತ್ತು. ಅಜ್ಜಿಯನ್ನು ನೋಡಿ ನನಗೆ ಹೆದರಿಕೆ ಆಯ್ತು, ಅದಕ್ಕೆ ಬೈದೆ" ಎಂದರು.

ನಾನು ಫೈಲು ಜೋಡಿಸುತ್ತಿದ್ದೆ.

"ಒಂದು ಉಪಕಾರ ಬೇಕು. ನನ್ನ ಲೈಸೆನ್ಸ್ ಹೊಸದು ಮಾಡ್ಬೇಕು. ನಾನು ಇಂಟರ್ನ್‌ಶಿಪ್ ಮಾಡಿದ್ದು ಹೌದು ಅಂತ ಕಾಲೇಜೇ ಪತ್ರ ಕಳಿಸ್ಬೇಕಂತೆ. ನನ್ನ ಹತ್ತಿರ ಇದ್ದ ಕಾಗದ ಮನೆಯ ಜೊತೆ ಸುಟ್ಟುಹೋಯ್ತು. ಕಾಲೇಜಿಗೆ ಹನ್ನೆರಡು ಸಲ ಮೇಲ್ ಮಾಡಿದೆ, ಉತ್ತರ ಇಲ್ಲ. ಯಾರಾದ್ರೂ ಆಫೀಸಿಗೆ ಹೋಗಿ ಕೂತು ಕೇಳಿದ್ರೆ ಮಾತ್ರ ಆಗುತ್ತೆ. ನಿಂಗೆ ಊರಿನ ಎಲ್ಲರ ಪರಿಚಯ. ನಮ್ಮ ಕಾಲೇಜಿನವರು ಇಲ್ಲಿ ಯಾರಾದ್ರೂ ಇದ್ದಾರಾ? ಪ್ರಭಾಕರ ಅಂತ ಒಬ್ಬ ಇದ್ದ, ನನ್ನ ಬ್ಯಾಚು, ಮಕ್ಕಳ ಡಾಕ್ಟರ್ ಆಗ್ತೇನೆ ಅಂತಿದ್ದ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ನೂರು ಪ್ರಭಾಕರ ಸಿಕ್ಕಿದ್ರು, ಒಬ್ಬನೂ ಅವನಲ್ಲ."

ಇದು ಮಾತ್ರ ಅವರು ನಗುತ್ತಾ ಹೇಳಿದ್ದು. ಲೈಸೆನ್ಸ್ ಇಲ್ಲದಿದ್ದರೆ ಇಕಾಮಾ ಇಲ್ಲ, ಇಕಾಮಾ ಇಲ್ಲದಿದ್ದರೆ ಹೆಂಡತಿ ಮಕ್ಕಳಿಗೆ ವೀಸಾ ಇಲ್ಲ, ಅವರನ್ನು ಪೋರ್ಟ್ ಸುಡಾನಿನ ಶಾಲೆಯೊಂದರ ನೆಲದಿಂದ ಎಬ್ಬಿಸಿ ಖಮೀಸ್‌ಗೆ ತರುವ ದಾರಿಯಿಲ್ಲ ಎಂದೂ ಹೇಳಿದರು. ಎಲ್ಲ ಬಿಡಿಸಿ ಹೇಳಿದರು. ನನಗೆ ಗೊತ್ತಿರಲಿಲ್ಲ ಎಂದು ನಾನು ನಾಳೆ ಯಾರ ಮುಂದೆಯೂ ಹೇಳುವಂತಿಲ್ಲ.

ಪ್ರಭಾಕರ ಡಾಕ್ಟರು ಅರ್ಧ ಗಂಟೆಯ ದಾರಿಯ ಅಬಹಾದಲ್ಲಿದ್ದರು. ಅವರ ನಂಬರು ನನ್ನ ಜೇಬಿನಲ್ಲಿತ್ತು. ಹಿಂದಿನ ದಿನವಷ್ಟೇ ಮಾತಾಡಿದ್ದೆ.

"ಇಲ್ಲ ಡಾಕ್ಟ್ರೇ, ಆ ಕಾಲೇಜಿನವರು ಈ ಕಡೆ ಯಾರೂ ಇಲ್ಲ" ಎಂದೆ.

ಅವರು ತಮ್ಮ ಬಟ್ಟಲು ತೆಗೆದುಕೊಂಡು ಹೋದರು. ನನ್ನ ಕಾಫಿ ಹಾಗೇ ಇತ್ತು. ಅದನ್ನು ಬೇಸಿನ್ನಿಗೆ ಚೆಲ್ಲಿದೆ.

ಮೂರು ವಾರಕ್ಕೆ ಪ್ರಭಾಕರ ಡಾಕ್ಟರ ಫೋನು. "ಹಸನಬ್ಬ, ಈ ವರ್ಷದ ಕೂಟ ಸ್ವಲ್ಪ ವಿಶೇಷ. ನಮ್ಮ ಕಾಲೇಜಿನಲ್ಲಿ ಓದಿದ ಆಫ್ರಿಕಾದವರನ್ನು ಕರೆದು ಗೌರವಿಸಬೇಕು ಅಂತ. ಇಷ್ಟು ವರ್ಷ ನಾವು ನಾವೇ ಸೇರಿ ಬಿರಿಯಾನಿ ತಿಂದದ್ದು ಸಾಕು. ಜಿದ್ದಾದಿಂದ ಕೀನ್ಯಾದ ಡಾಕ್ಟರ್ ಗ್ರೇಸ್ ಬರ್ತಾರೆ. ನನ್ನ ಬ್ಯಾಚಿನ ಇದ್ರೀಸ್ ಅಂತ ಒಬ್ಬ ಸುಡಾನಿನವನು, ಸೌದಿಯಲ್ಲಿದ್ದಾನೆ ಅಂತ ಯಾರೋ ಹೇಳಿದ್ರು. ನಿಮ್ಮ ಕ್ಲಿನಿಕ್ಕಿನಲ್ಲಿ ಒಬ್ಬ ಸುಡಾನಿ ಡಾಕ್ಟ್ರು ಇದ್ರಲ್ಲ, ಅವನೇನಾ?"

ಆ ಕ್ಷಣ ನನ್ನ ಕಣ್ಣೆದುರು ಬಂದದ್ದು ಒಂದೇ. ಮುಂದಿನ ಸಾಲಿನ ಕುರ್ಚಿಯಲ್ಲಿ ಇದ್ರೀಸ್, ಹೆಗಲಿಗೆ ಶಾಲು, ತಟ್ಟೆ ಹಿಡಿದು ಅವರೆದುರು ಬಗ್ಗಿದ ನಾನು. ಆಮೇಲೆ ಅವರು ಕಿಟಕಿಯ ಕಥೆ ಹೇಳುತ್ತಾರೆ. ಎರಡು, ನಾಲ್ಕು, ಕಾಪಿರಿ, ಎಲ್ಲ.

"ಅವರ ಹೆಸರು ಬೇರೆ ಡಾಕ್ಟ್ರೇ. ಅವರು ಹೋಗಿಯೂ ಆಯ್ತು" ಎಂದೆ. ಹೀಗೆ ಹುಡುಕುತ್ತಿದ್ದ ಇಬ್ಬರ ನಡುವೆ ನಾನು ಗೋಡೆಯಾಗಿ ನಿಂತೆ. ಆ ಬದಿಯವರಿಗೂ ಇಲ್ಲ, ಈ ಬದಿಯವರಿಗೂ ಇಲ್ಲ.

"ಹಾಗಾದ್ರೆ ಬೇರೆ ಕಡೆ ಹುಡುಕಿ ಮಾರಾಯ್ರೆ. ನಿಮಗೆ ಸಿಗದವರು ಯಾರಿಗೆ ಸಿಗ್ತಾರೆ?" ಎಂದು ಅವರು ನನ್ನ ಮೇಲೇ ಭಾರ ಹಾಕಿದರು. ಹುಡುಕುತ್ತಿದ್ದೇನೆ ಎಂದು ಎರಡು ತಿಂಗಳು ಹೇಳಿದೆ. ಇತ್ತ ನಾಲ್ಕನೇ ಕೋಣೆಯ ಡಾಕ್ಟರ ಲೈಸೆನ್ಸಿನ ಅವಧಿ ಮುಗಿಯಿತು. ರೋಗಿ ನೋಡುವಂತಿಲ್ಲ ಎಂದು ಅವರನ್ನು ಒಳಗೆ ಲೆಕ್ಕಪತ್ರದ ಫಾರಂ ತುಂಬಲು ಕೂರಿಸಿದರು. ಅಷ್ಟು ಉದ್ದದ ಮನುಷ್ಯ ಗುಮಾಸ್ತನ ಮೇಜಿಗೆ ಮೊಣಕಾಲು ತಾಗಿಸಿ ಕೂತದ್ದನ್ನು ನೋಡಿ ನನಗೆ ಸಂತೋಷವಾಯಿತು. ಹೌದು, ಸಂತೋಷವೇ ಆಯಿತು. ಈ ಬರಹದಲ್ಲಿ ಅದನ್ನು ಬಿಟ್ಟರೆ ಉಳಿದದ್ದು ಬರೆದು ಪ್ರಯೋಜನವಿಲ್ಲ.

ಚಳಿ ಶುರುವಾದಾಗ ಕೂಟ ನಡೆಯಿತು. ಊರ ಹೊರಗೆ ಬಾಡಿಗೆಗೆ ಸಿಗುವ ತೋಟದ ಮನೆಯೊಂದನ್ನು ಗೊತ್ತು ಮಾಡಿದ್ದೆ. ಶುಕ್ರವಾರದ ಬಿಸಿಲು ಹಿತವಾಗಿತ್ತು. ಕಾಲೇಜಿನ ಹೆಸರಿನ ದೊಡ್ಡ ಬ್ಯಾನರು, ಅದರಡಿ ಆಫ್ರಿಕಾದ ವೈದ್ಯ ಮಿತ್ರರಿಗೆ ಗೌರವ ಎಂಬ ಸಾಲು. ಗ್ರೇಸ್ ಡಾಕ್ಟರಿಗೆ ಶಾಲು ಹೊದಿಸಿ ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ಮೈಕು ಹಿಡಿದು, ಮುಖ ಸಡಿಲಿಸದೆ, ಇಂಗ್ಲಿಷಿನಲ್ಲೂ ನಡುನಡುವೆ ಕನ್ನಡದಲ್ಲೂ ಮಾತಾಡಿದರು.

"ಇಷ್ಟು ಬೇಗ ಚಪ್ಪಾಳೆ ಬೇಡ. ನಾನು ಮಂಗಳೂರಿಗೆ ಬಂದ ವರ್ಷ ಕಾಲೇಜಿನ ರಸ್ತೆಯಲ್ಲಿ ಒಂದು ಮನೆಯವರೂ ನನಗೆ ರೂಮು ಕೊಡಲಿಲ್ಲ. ಬಾಗಿಲು ತೆರೆದು, ಮುಖ ನೋಡಿ, ಮುಚ್ಚುತ್ತಿದ್ದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಕೊನೆಗೆ ತುಂಬುತ್ತಿತ್ತು. ನಿಮ್ಮಲ್ಲಿ ಕೆಲವರು ನನಗೆ ಇಟ್ಟ ಹೆಸರು ನನಗೆ ಇನ್ನೂ ನೆನಪಿದೆ. ಇಟ್ಟವರು ಇಲ್ಲೇ ಕೂತಿದ್ದಾರೆ."

ಒಬ್ಬ ದೊಡ್ಡ ಸರ್ಜನ್ ತಟ್ಟೆ ನೋಡತೊಡಗಿದರು.

"ಬಸ್ ಸ್ಟ್ಯಾಂಡಿಗೆ ಬಂದು ನನ್ನ ಪೆಟ್ಟಿಗೆ ಹೊತ್ತವನು ಒಬ್ಬನೇ, ಸೀನಿಯರ್ ಇದ್ರೀಸ್. ತನ್ನ ರೂಮು ನಮಗೆ ಮೂವರು ಹುಡುಗಿಯರಿಗೆ ಬಿಟ್ಟು ಅವನು ಗೆಳೆಯರ ಜಾಗದಲ್ಲಿ ಮಲಗಿದ. ಈ ಶಾಲು ಅವನಿಗೆ ಮೊದಲು ಬೀಳಬೇಕಿತ್ತು. ಅವನೆಲ್ಲಿ?"

ಪ್ರಭಾಕರ ಡಾಕ್ಟರು ನನ್ನ ಕಡೆ ಕೈ ತೋರಿಸಿದರು. "ನಮ್ಮ ಹಸನಬ್ಬ ಎರಡು ತಿಂಗಳು ಹುಡುಕಿದ್ದಾರೆ."

ನಾನು ಬಿರಿಯಾನಿಯ ಸಟ್ಟುಗ ಹಿಡಿದು ನಿಂತಿದ್ದೆ. ಎಲ್ಲರ ಕಣ್ಣು ನನ್ನ ಮೇಲೆ. ಆಗಲಾದರೂ ಹೇಳಬಹುದಿತ್ತು.

"ಅವರು ಊರಿಗೆ ಹೋದರಂತೆ. ಅಲ್ಲಿ ಯುದ್ಧ. ಆಮೇಲೆ ಸುದ್ದಿ ಇಲ್ಲ" ಎಂದೆ.

ಗ್ರೇಸ್ ಡಾಕ್ಟರು ಕೂತುಬಿಟ್ಟರು. ಪ್ರಭಾಕರ ಡಾಕ್ಟರು ಮೈಕು ತೆಗೆದುಕೊಂಡರು. "ಎಲ್ಲರೂ ಎದ್ದು ನಿಲ್ಲೋಣ. ಅವನು ಎಲ್ಲಿದ್ದರೂ ಕ್ಷೇಮವಾಗಿರಲಿ ಅಂತ ಒಂದು ನಿಮಿಷ ಪ್ರಾರ್ಥಿಸೋಣ" ಎಂದರು. ಎಲ್ಲರೂ ಎದ್ದರು. ನಾನೂ ಸಟ್ಟುಗ ಕೆಳಗಿಟ್ಟು ಕೈ ಎತ್ತಿ ನಿಂತೆ. ಆ ಹೊತ್ತಿನಲ್ಲಿ ಇದ್ರೀಸ್ ಡಾಕ್ಟರು ಅಲ್ಲಿಂದ ಮೂರು ರೌಂಡಬೌಟ್ ದೂರದಲ್ಲಿ ತಮ್ಮ ಬಟ್ಟೆ ಒಗೆಯುತ್ತಿದ್ದಿರಬೇಕು. ಶುಕ್ರವಾರ ಅವರ ರಜೆ.

ಕೂಟ ಮುಗಿದು, ಬ್ಯಾನರಿನ ಅಡಿಯಲ್ಲಿ ಡಾಕ್ಟರುಗಳ ನಡುವೆ ನಿಂತು ಫೋಟೊ ತೆಗೆಸಿಕೊಂಡೆ. ಪ್ರತಿ ವರ್ಷದ ಅಭ್ಯಾಸದಂತೆ ಅದನ್ನು ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದೆ. ಅಷ್ಟು ದೊಡ್ಡ ಸುಳ್ಳು ಕಟ್ಟಿದವನಿಗೆ ಆ ಫೋಟೊ ಹಾಕಬಾರದೆಂದು ಹೊಳೆಯಲಿಲ್ಲ. ಡಾಕ್ಟರುಗಳ ಜೊತೆ ನಿಂತದ್ದನ್ನು ಜನ ನೋಡಬೇಕು ಎಂಬ ಆಸೆ ಬುದ್ಧಿಗಿಂತ ಮುಂದೆ ಓಡಿತ್ತು.

ಶನಿವಾರ ಬೆಳಿಗ್ಗೆ ಇದ್ರೀಸ್ ಡಾಕ್ಟರು ಕಿಟಕಿಗೆ ಬಂದರು. ಫೋನನ್ನು ಗಾಜಿಗೆ ಒತ್ತಿ ಹಿಡಿದರು. ಬ್ಯಾನರು, ಪ್ರಭಾಕರ, ಗ್ರೇಸ್, ನಾನು.

"ಇದು ನನ್ನ ಕಾಲೇಜು. ಇವನು ನನ್ನ ಪ್ರಭಾಕರ. ಇವನ ಪಕ್ಕ ಹಲ್ಲು ಕಿರಿದು ನಿಂತದ್ದು ನೀನು." ದನಿ ಏರಿಸಲಿಲ್ಲ. "ನಾನು ನಿಂಗೆ ಎಂತ ಮಾಡಿದೆ?"

"ನೀವು ಜನರೆದುರು ನನ್ನ ಮರ್ಯಾದೆ ತೆಗೆದಿರಿ" ಎಂದು ನನ್ನ ಬಾಯಿಂದ ಬಂತು.

"ಹೌದು, ತೆಗೆದೆ. ಒಂದು ಜೀವ ಹೋಗ್ತಿತ್ತು, ಅದಕ್ಕೆ. ನೀನು ನನ್ನ ಮಕ್ಕಳನ್ನು ಮೂರು ತಿಂಗಳು ನೆಲದ ಮೇಲೆ ಮಲಗಿಸಿದೆ. ನಂಬರ್ ಕೊಡು."

ಕೊಟ್ಟೆ.

ಪ್ರಭಾಕರ ಡಾಕ್ಟರು ಅವತ್ತೇ ಅಬಹಾದಿಂದ ಕಾರು ಓಡಿಸಿಕೊಂಡು ಬಂದರು. ವರಾಂಡದಲ್ಲಿ ಅವರಿಬ್ಬರೂ ತಬ್ಬಿಕೊಂಡು ನಿಂತದ್ದನ್ನು ನಾನು ಗಾಜಿನ ಹಿಂದಿನಿಂದ ನೋಡಿದೆ. ಆಮೇಲೆ ಪ್ರಭಾಕರ ಡಾಕ್ಟರು ಕಿಟಕಿಗೆ ಬಂದರು. "ಇಲ್ಲೇ ಇದ್ದವನಿಗೆ ನಮ್ಮ ಕೈಯಲ್ಲಿ ಪ್ರಾರ್ಥನೆ ಮಾಡಿಸಿದೆಯಲ್ಲೋ. ನೀನೂ ಕೈ ಎತ್ತಿ ನಿಂತಿದ್ದೆ. ಥೂ" ಎಂದರು. ಅದುವರೆಗೆ ನನಗೆ ಬಹುವಚನ ಬಿಟ್ಟು ಮಾತಾಡಿದವರಲ್ಲ.

ಅವರ ತಂಗಿಯ ಗಂಡ ಮಂಗಳೂರಿನಲ್ಲಿ ಕಾಲೇಜಿನ ಆಫೀಸಿಗೆ ಹೋಗಿ ಕೂತರು. ನಾಲ್ಕೇ ದಿನ. ನಾಲ್ಕು ದಿನದಲ್ಲಿ ಪತ್ರ ಹೊರಟಿತು. ಆದರೆ ಅಷ್ಟರಲ್ಲಿ ಕ್ಲಿನಿಕ್ಕಿನ ಮಾಲೀಕ ಫೈನಲ್ ಎಕ್ಸಿಟ್, ಅಂದರೆ ದೇಶ ಬಿಟ್ಟು ಹೋಗುವ ಮುದ್ರೆ, ಹಾಕಿಸಿಯಾಗಿತ್ತು. ನಾಲ್ಕನೇ ಕೋಣೆಗೆ ಬೇರೆ ಡಾಕ್ಟರನ್ನು ಕರೆಸಿಯೂ ಆಗಿತ್ತು. ಪ್ರಭಾಕರ ಡಾಕ್ಟರು ಹೋಗಿ ಕೈಮುಗಿದರು. ಒಂದು ತಿಂಗಳ ಹಿಂದೆ ಈ ಕಾಗದ ತಂದಿದ್ದರೆ ಎಂದನಂತೆ ಮಾಲೀಕ.

ಅಲ್ಲಿ ಕೆಲಸ ಬಿಟ್ಟು ಹೋಗುವವರು ಒಂದು ಹಾಳೆ ಹಿಡಿದು ಪ್ರತಿ ವಿಭಾಗದ ಸಹಿ ಹಾಕಿಸಿಕೊಳ್ಳಬೇಕು, ಇವರಿಂದ ನಮಗೆ ಏನೂ ಬರಬೇಕಾದ್ದಿಲ್ಲ ಎಂದು. ಇದ್ರೀಸ್ ಡಾಕ್ಟರು ಆ ಹಾಳೆಯನ್ನು ನನ್ನ ಮುಂದೆ ಇಟ್ಟು ಬೇರೆ ಕಡೆ ನೋಡುತ್ತಾ ನಿಂತರು. ನಾನು ಸಹಿ ಹಾಕಿದೆ. ಡಾಕ್ಟ್ರೇ ಎಂದೆ. ಹಾಳೆ ತೆಗೆದುಕೊಂಡು ಹೋದರು. ಆ ವಾರವೇ ಪೋರ್ಟ್ ಸುಡಾನಿಗೆ ವಿಮಾನ ಹತ್ತಿದರು. ಜನ ಅಲ್ಲಿಂದ ಓಡಿ ಬರುತ್ತಿದ್ದ ಕಾಲದಲ್ಲಿ ಅವರು ಅಲ್ಲಿಗೆ ಹೋದರು.

ಡಾಕ್ಟರುಗಳ ಗ್ರೂಪಿನಿಂದ ನನ್ನನ್ನು ತೆಗೆದುಹಾಕಿದರು. ಸುದ್ದಿ ಹಬ್ಬಿ ಊರಿನವರ ಫೋನೂ ನಿಂತಿತು. ಮರುವರ್ಷ ನಾನು ಕೆಲಸ ಬಿಟ್ಟು ಊರಿಗೆ ಬಂದೆ. ತಪ್ಪಾಯಿತು ಎಂದು ದೇವರಿಗೆ ನಲವತ್ತು ಸಲ ತೌಬಾ ಹೇಳಿರಬಹುದು. ಆದರೆ ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಕ್ಷಮಿಸಿ ಬಿಟ್ಟುಕೊಡಬೇಕು, ಮೇಲಿನವನೂ ಅದಕ್ಕೆ ಕೈ ಹಾಕುವುದಿಲ್ಲ ಎಂದು ನಮ್ಮ ಉಸ್ತಾದರು ಹೇಳಿದ್ದು ಸುಳ್ಳಲ್ಲ. ಪ್ರಭಾಕರ ಡಾಕ್ಟರಿಗೆ ಏಳು ಸಲ ಬರೆದ ಮೇಲೆ ಅವರು ಇದ್ರೀಸ್ ಡಾಕ್ಟರ ಹೊಸ ನಂಬರನ್ನು ಮಾತ್ರ ಕಳಿಸಿದರು, ಒಂದು ಅಕ್ಷರ ಬೇರೆ ಇಲ್ಲ. ನಾನು ಆ ನಂಬರಿಗೆ ವಾಟ್ಸಾಪಿನಲ್ಲಿ ದನಿ ರೆಕಾರ್ಡು ಮಾಡಿ, ನಾನು ಮಾಡಿದ್ದನ್ನೆಲ್ಲ ಹೇಳಿದೆ, ಕಿಟಕಿಯ ನಂಬರುಗಳಿಂದ ಹಿಡಿದು. ಬಿಟ್ಟುಕೊಡಿ ಎಂದೆ. ಅತ್ತೆ.

ಒಂಬತ್ತು ದಿನ ಉತ್ತರವಿಲ್ಲ. ಹತ್ತನೆಯ ದಿನ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬಂತು. ಸಲಾಂ ಇಲ್ಲ. ತಾನು ಒಂದು ನಿರಾಶ್ರಿತರ ಬಿಡಾರದ ಆಸ್ಪತ್ರೆಯಲ್ಲಿದ್ದೇನೆ, ಹೆಂಡತಿ ಮಕ್ಕಳು ಜೊತೆಗಿದ್ದಾರೆ, ಸಣ್ಣವಳಿಗೆ ಶಾಲೆ ಇಲ್ಲ ಎಂದು ಒಂದು ಸಾಲು. ಕೆಳಗೆ ಎರಡು ಹೆಸರು, ಓದಿದ ವರ್ಷ, ರಿಜಿಸ್ಟರ್ ನಂಬರು. "ಸುಡಾನಿನವರು. ನಿನ್ನ ಊರಿನಲ್ಲಿ ಕಲಿತವರು. ಇವರ ಕಾಗದವೂ ಸುಟ್ಟಿದೆ. ಆಫೀಸಿಗೆ ಹೋಗಿ ಕೂತುಕೋ."

ಹೋದೆ. ಅಲ್ಲಿನ ಗುಮಾಸ್ತ ನನ್ನ ಹಾಗೆಯೇ ಗಾಜಿನ ಹಿಂದೆ ಕೂತವನು. "ನೀವು ಅವರಿಗೆ ಎಂತ ಆಗ್ಬೇಕು ಅಜ್ಜ?" ಎಂದು ಕೇಳಿದ. ಏನೂ ಆಗಬೇಕಿಲ್ಲ ಎಂದೆ. "ಹಾಗಾದ್ರೆ ನಾಡಿದ್ದು ಬನ್ನಿ" ಎಂದ. ನಾಡಿದ್ದೂ ಹೋದೆ, ಅದರ ನಾಡಿದ್ದೂ ಹೋದೆ. ಮೂರನೇ ವಾರ ಎರಡು ಪತ್ರವೂ ಹೊರಟವು. ಆಯಿತು ಎಂದು ತಿಳಿಸಿದೆ. ಉತ್ತರವಾಗಿ ಇನ್ನೂ ಮೂರು ಹೆಸರು ಬಂದವು. ಆಮೇಲೆ ಮತ್ತೊಂದು.

ಮೊನ್ನೆ ಧೈರ್ಯ ಮಾಡಿ ಕೇಳಿದೆ, ಡಾಕ್ಟ್ರೇ, ಈಗಲಾದರೂ ಬಿಟ್ಟುಕೊಟ್ಟಿರಾ ಎಂದು. ನಿನ್ನೆ ಅವರು ಬರೆದರು: "ಇಲ್ಲ. ಕೊಟ್ಟಿಲ್ಲ. ಅದನ್ನು ಇನ್ನು ಕೇಳಬೇಡ. ಕೆಳಗೆ ಹೆಸರು ಬರೆದ ಹುಡುಗಿಯದು ಅರ್ಜೆಂಟ್, ತಿಂಗಳ ಕೊನೆಗೆ ಅವಳ ಲೈಸೆನ್ಸ್ ಮುಗಿಯುತ್ತೆ."

ಹುಡುಗಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ರಿಜಿಸ್ಟರ್ ನಂಬರನ್ನು ಎರಡು ಸಲ ಸರಿ ನೋಡಿದೆ. ಆಫೀಸು ತೆರೆಯುವುದು ಹತ್ತಕ್ಕೆ. ಇವತ್ತು ಒಂಬತ್ತಕ್ಕೇ ಬಂದು ಮೆಟ್ಟಿಲ ಮೇಲೆ ಕೂತಿದ್ದೇನೆ.